ಎಡಗೈಯಲ್ಲಿ ಬಡಿಸಿದ ಊಟ

ನನ್ನ ಬಲಗೈ ಹೋದದ್ದು ಮೇವು ಕತ್ತರಿಸುವ ಮಿಷನ್ನಿನಲ್ಲಿ. ತಗಡೂರಿನ ನನ್ನ ಗಂಡನ ಮನೆಯ ಕೊಟ್ಟಿಗೆಯಲ್ಲಿ, ಒಳ್ಳೆಯ ಬೆಳಗಿನ ಬಿಸಿಲಿನಲ್ಲಿ ನಡೆದದ್ದು ಅದು. ಜೋಳದ ಕಡ್ಡಿ ಮಿಷನ್ನಿನ ಬಾಯಲ್ಲಿ ಸಿಕ್ಕಿಕೊಂಡಿತ್ತು. ಒಳಗೆ ನೂಕೋಣವೆಂದು ಕೈ ಇಟ್ಟೆ. ಕಡ್ಡಿ ಬಳೆಗೆ ತೊಡರಿಕೊಂಡು ಕೈಯನ್ನೂ ಎಳೆದುಕೊಂಡಿತು. ಇಷ್ಟೇ. ಜನ ಈ ಸಂಗತಿಯನ್ನು ನನ್ನಿಂದ ಮತ್ತೆ ಮತ್ತೆ ಹೇಳಿಸಿದ್ದಾರೆ. ಹೇಳುವಾಗ ಅವರ ಮುಖ ನೋಡುತ್ತೇನೆ. ರಕ್ತದ ಮಾತು ಬರಲೆಂದು ಕಾಯುತ್ತಿರುತ್ತಾರೆ. ಅದನ್ನು ನಾನು ಹೇಳುವುದಿಲ್ಲ.

ಆ ದಿನ ನನ್ನ ಗಂಡ ಮನೆಯಲ್ಲಿರಲಿಲ್ಲ. ನಂಜನಗೂಡಿನ ಆಚೆ ಒಂದು ಕಾರ್ಖಾನೆಯಲ್ಲಿ ಅವರಿಗೆ ಕೆಲಸ, ಬೆಳಗಿನ ಪಾಳಿಗೆ ಹೋಗಿದ್ದರು. ನನ್ನ ಕೂಗಿಗೆ ಓಡಿ ಬಂದವರು ಅತ್ತೆ. ಗಾಬರಿಯಾಗದೆ ಮೊದಲು ಸ್ವಿಚ್ಚು ಆರಿಸಿದರು. ಉಟ್ಟ ಸೀರೆಯ ಸೆರಗನ್ನು ಹರಿದು ತೋಳಿಗೆ ಬಿಗಿದು ಕಟ್ಟಿದರು. ಬೀದಿಗೆ ಓಡಿ, ಹಾಲಿನ ಕ್ಯಾನು ಸಾಗಿಸುವ ಗಾಡಿಯನ್ನು ಅಡ್ಡಗಟ್ಟಿ ನನ್ನನ್ನು ಅದಕ್ಕೆ ಹತ್ತಿಸಿದರು. ಅತ್ತೆಯ ವಿಷಯ ಮುಂದೆ ಬೇರೆ ಮಾತುಗಳನ್ನೂ ಹೇಳಬೇಕಾಗಿದೆ. ಅದಕ್ಕೇ ಇದನ್ನು ಮೊದಲೇ ಹೇಳಿಬಿಡುತ್ತೇನೆ: ಆ ಬೆಳಿಗ್ಗೆ ನನ್ನ ಜೀವ ಉಳಿಸಿದವರು ಅವರು.

ನಂಜನಗೂಡಿನಲ್ಲಿ ಕಟ್ಟು ಹಾಕಿ ಮೈಸೂರಿಗೆ ಕಳಿಸಿದರು. ಮೈಸೂರಿನಲ್ಲಿ ಕೈ ತೆಗೆದರು. ಮೊಣಕೈಯಿಂದ ಕೆಳಗೆ ಒಂದು ಗೇಣು ಉಳಿಯಿತು.

ಆಸ್ಪತ್ರೆಗೆ ನೋಡಲು ಬಂದವರೆಲ್ಲ ಹೆಚ್ಚು ಕಡಿಮೆ ಒಂದೇ ಮಾತಾಡಿದರು. "ಎಡಗೈ ಆಗಿದ್ರೆ ಎಂಗೋ ಆಯ್ತಿತ್ತು. ಬಲಗೈಯೇ ಓಯ್ತಲ್ಲವ್ವ." ಎಡಗೈಯ ಯೋಚನೆ ನನಗೆ ಹತ್ತಿದ್ದು ಆಗಲೇ. ನಮ್ಮ ಕಡೆ ಎಡಗೈಯಲ್ಲಿ ಏನನ್ನಾದರೂ ಕೊಟ್ಟರೆ ಅವಮಾನ, ತೆಗೆದುಕೊಂಡರೂ ಅವಮಾನ. ಉಣ್ಣುವುದಂತೂ ಅಸಹ್ಯ. ಕುಂಕುಮ ಇಡುವಂತಿಲ್ಲ, ಅಕ್ಷತೆ ಹಾಕುವಂತಿಲ್ಲ, ಮನೆಗೆ ಬಂದವರಿಗೆ ಒಂದು ಲೋಟ ನೀರು ಕೊಡುವಂತಿಲ್ಲ. ಚಿಕ್ಕವಳಿದ್ದಾಗ ಎಡಗೈ ಚಾಚಿದರೆ ನಮ್ಮವ್ವ ಫಟ್ಟನೆ ಹೊಡೆಯುತ್ತಿದ್ದಳು. ಗಾಯಕ್ಕೆ ಡಾಕ್ಟರು ಮಾತ್ರೆ ಬರೆದುಕೊಟ್ಟಿದ್ದರು. ಇದಕ್ಕೆ ಮಾತ್ರೆ ಇರಲಿಲ್ಲ.

ಗಾಯ ಮಾಗುವವರೆಗೆ ಇರಲೆಂದು ನನ್ನನ್ನು ತವರಿಗೆ ಬಿಟ್ಟು ಹೋದರು. ನನ್ನ ತವರು ಸೋಸಲೆ. ಅಪ್ಪ ಆಗಲೇ ತೀರಿಕೊಂಡಿದ್ದರು. ಅವ್ವ, ಅಣ್ಣ, ಅತ್ತಿಗೆ ಇದ್ದ ಮನೆ. ಜೊತೆಗೆ ನನ್ನ ಮಗಳು. ಮಾತು ಆಗಷ್ಟೇ ಸರಾಗವಾಗಿ ಬರುತ್ತಿದ್ದ ವಯಸ್ಸು.

ಅವ್ವ ನಮ್ಮಿಬ್ಬರನ್ನೂ ಒಟ್ಟಿಗೆ ಕೂರಿಸಿಕೊಂಡು ತಿನ್ನಿಸುತ್ತಿದ್ದಳು. ಮಗಳಿಗೊಂದು ತುತ್ತು, ನನಗೊಂದು ತುತ್ತು. ನಾನೂ ಬಾಯಿ ತೆರೆಯುತ್ತಿದ್ದೆ. ಸುಖವಾಗಿಯೇ ಇತ್ತೆಂದು ಹೇಳಬೇಕು. ಒಂದು ಮಧ್ಯಾಹ್ನ ಮಗಳು ನನ್ನ ಮೊಂಡುಗೈಯನ್ನು ಮುಟ್ಟಿ ನೋಡಿ ಕೇಳಿದಳು.

"ಅವ್ವ, ಇದು ಬೆಳೆಯಾಗಂಟ ಅಜ್ಜಿನೇ ತಿನ್ನಿಸ್ತದಾ?"

"ಇದು ಬೆಳೆಯಲ್ಲ ಕಣ್ಮಗ."

"ಮತ್ತೆ?"

ಅವ್ವನ ಕೈಲಿದ್ದ ತಟ್ಟೆಯನ್ನು ನನ್ನ ಮುಂದಕ್ಕೆ ಎಳೆದುಕೊಂಡೆ. ಎಡಗೈಯಲ್ಲಿ ಮುದ್ದೆ ಮುರಿದೆ. ಅವ್ವನ ಕೈ ಹಳೆಯ ಅಭ್ಯಾಸದಲ್ಲಿ ಹೊಡೆಯಲು ಮೇಲೆದ್ದದ್ದು ನನಗೆ ಕಂಡಿತು. ಎದ್ದ ಕೈ ಹಾಗೆಯೇ ಇಳಿಯಿತು. ತುತ್ತು ಸಾರಿನಲ್ಲಿ ಜಾರಿತು, ಸೀರೆಯ ಮೇಲೆ ಚೆಲ್ಲಿತು. ಮತ್ತೆ ಮುರಿದೆ. ಅವ್ವ ನೀರು ತರುತ್ತೇನೆಂದು ಎದ್ದು ಹೋದಳು. ನೀರಿನ ಚೊಂಬು ನಮ್ಮ ಪಕ್ಕದಲ್ಲೇ ಇತ್ತು.

ಆಮೇಲೆ ನಾನು ಯಾರ ಕೈತುತ್ತನ್ನೂ ತಿನ್ನಲಿಲ್ಲ.

ಆದರೂ ಹೊರಗೆ ಹೋಗುವಾಗ ಮೊಂಡುಗೈಗೆ ಸೆರಗು ಹೊದಿಸಿಯೇ ಹೋಗುತ್ತಿದ್ದೆ. ಹಾಗೆ ಮಾಡಬೇಕೆಂದು ಯಾರೂ ಹೇಳಿರಲಿಲ್ಲ, ಬೇಡವೆಂದೂ ಹೇಳಿರಲಿಲ್ಲ. ಒಂದು ಸಲ ಅವ್ವನ ಜೊತೆ ತಿ. ನರಸೀಪುರದ ಮಾರ್ಕೆಟ್ಟಿಗೆ ಹೋದೆ. ಬೆಳಗಿನ ಹೊತ್ತು. ಹೂವಿನ ಹೆಂಗಸು ಆಗಷ್ಟೇ ಬುಟ್ಟಿ ಬಿಚ್ಚಿ ಕೂತಿದ್ದಳು. ಒಂದು ಮೊಳ ಕನಕಾಂಬರ ತೆಗೆದುಕೊಂಡು ದುಡ್ಡು ಚಾಚಿದೆ. ಅವಳು ಕೈ ಹಿಂದೆಳೆದುಕೊಂಡಳು.

"ಬೋಣಿ ಟೈಮು ಕಣವ್ವ, ಎಡಗೈಲಿ ಕೊಡ್ಬ್ಯಾಡ. ಬಲಗೈಲಿ ಕೊಡು."

ಅವ್ವ ಮುಂದೆ ಬಂದು ತಾನು ಕೊಡಲು ಹೋದಳು. ಅವಳನ್ನು ತಡೆದೆ. ಯಾಕೆ ತಡೆದೆನೋ, ಆ ಗಳಿಗೆ ಯೋಚಿಸಿ ಮಾಡಿದ್ದಲ್ಲ. ಸೆರಗನ್ನು ಸರಿಸಿದೆ.

"ಬಲಗೈ ಇಲ್ಲ. ನಂಗಿರೋದು ಇದೊಂದೇ. ಇದ್ರಲ್ಲಿ ಬೋಣಿ ಬ್ಯಾಡ ಅಂದ್ರೆ ನಿನ್ನ ಊವ ವಾಪಸ್ ತಕ."

ಅಕ್ಕಪಕ್ಕದ ಸೊಪ್ಪಿನವರು, ನಿಂಬೆಹಣ್ಣಿನವನು, ಎಲ್ಲರೂ ತಿರುಗಿದರು. ಹೂವಿನವಳು ನನ್ನ ತೋಳನ್ನೂ ಮುಖವನ್ನೂ ನೋಡಿ, "ತಪ್ಪು ತಿಳ್ಕಬ್ಯಾಡ ಕಣವ್ವ, ನಂಗೊತ್ತಾಗ್ನಿಲ್ಲ" ಎಂದು ದುಡ್ಡು ತೆಗೆದುಕೊಂಡಳು. ಮತ್ತೆ ಬುಟ್ಟಿಗೆ ಕೈಹಾಕಿ ಇನ್ನೊಂದು ಮೊಳ ಹೂ ಕಿತ್ತು ನನ್ನ ಕಡೆ ಹಿಡಿದಳು. ನಾನದನ್ನು ಬುಟ್ಟಿಗೇ ಹಾಕಿದೆ.

"ಅಳತೆಗಿಂತ ಜಾಸ್ತಿ ಬ್ಯಾಡ ಕಣಕ್ಕ."

ಬಸ್ಸು ಸೋಸಲೆ ಹತ್ತಿರ ಬಂದಾಗ ಅವ್ವ, "ಅಂಗೆಲ್ಲ ತೆಕ್ಕಂಡು ತೋರಿಸ್ಬಾರ್ದು ಕಣ್ಮಗ, ಜನ ಒಂದು ತರ ನೋಡ್ತರೆ" ಎಂದಳು. "ಮುಚ್ಕಂಡಿದ್ರೂ ನೋಡ್ತರೆ ಕಣವ್ವ. ಕಾಣ್ಲಿ ಬುಡು" ಎಂದೆ. ಅಂದಿನಿಂದ ಸೆರಗು ಅದರ ಜಾಗದಲ್ಲೇ ಇತ್ತು, ತೋಳು ತೋಳಿನ ಜಾಗದಲ್ಲಿ.

ಗಾಯ ಮಾಗಿತು. ಗಂಡನ ಮನೆಯಿಂದ ಕರೆಯಲು ಯಾರೂ ಬರಲಿಲ್ಲ. ಮೊದಮೊದಲು ವಾರದ ರಜೆಯ ದಿನ ಬಂದು ಮಗಳ ಜೊತೆ ಕೂತು ಹೋಗುತ್ತಿದ್ದ ಗಂಡ, ಬರಬರುತ್ತಾ ಆಗೊಮ್ಮೆ ಈಗೊಮ್ಮೆ ಬರುವಂತಾದರು. ಬಂದಾಗ ನನ್ನ ಮುಖ ನೋಡುತ್ತಿರಲಿಲ್ಲ. ಸಿಟ್ಟಿನಿಂದಲ್ಲ. ಮೆತ್ತನೆಯ ಮನುಷ್ಯ. ಎದುರು ನಿಂತು ಒಂದು ಮಾತು ಹೇಳಲಾರದೆ ಸುಮ್ಮನೆ ಕಾಲ ತಳ್ಳುವವರು.

ಬೇಸಗೆ ಕಳೆಯುವ ಹೊತ್ತಿಗೆ ಗಂಡನ ದೊಡ್ಡಪ್ಪ ಸೋಸಲೆಗೆ ಬಂದರು. ಜಗಲಿಯಲ್ಲಿ ಅಣ್ಣನ ಜೊತೆ ಕೂತು ಮಳೆ ಬೆಳೆ ಮಾತಾಡಿ, ಕಾಫಿ ಕುಡಿದು ನಿಧಾನಕ್ಕೆ ವಿಷಯಕ್ಕೆ ಬಂದರು.

"ನೋಡಪ್ಪ, ಮನೇಲಿ ಹಸ ಅವೆ. ಅವನ ಅವ್ವಂಗೂ ವಯಸ್ಸಾಯ್ತು. ಕೈಕಾಲು ನೆಟ್ಟಗಿರೋ ಒಬ್ಳನ್ನ ತಂದ್ಕಂಡ್ರೆ ಮನೇನೂ ನಡೀತದೆ, ನಿನ್ನ ತಂಗೀನೂ ಚೆನ್ನಾಗಿ ನೋಡ್ಕತಾಳೆ. ಇವಳ್ನ ಬುಡು ಅಂತ ಯಾರೂ ಅಂತಿಲ್ಲ."

ನಾನು ಬಾಗಿಲಲ್ಲೇ ನಿಂತಿದ್ದೆ. "ಇದ್ನ ಅವ್ರೇ ಏಳಿ ಕಳಿಸಿದ್ರಾ ದೊಡ್ಡಪ್ಪ?" ಎಂದು ಕೇಳಿದೆ.

"ಅವನೇನೂ ಅಂದಿಲ್ಲ ಕಣವ್ವ."

"ಬ್ಯಾಡ ಅಂತ್ಲೂ ಅಂದಿಲ್ವಾ?"

ದೊಡ್ಡಪ್ಪ ಲೋಟವನ್ನು ಕೆಳಗಿಟ್ಟು ಬೀದಿಯ ಕಡೆ ನೋಡಿದರು.

ಮಾರನೆಯ ಬೆಳಿಗ್ಗೆ ಮಗಳ ತಲೆ ಬಾಚಿ, ಎರಡು ಬಟ್ಟೆ ಚೀಲಕ್ಕೆ ಹಾಕಿಕೊಂಡೆ. ಅಣ್ಣ ತಾನೂ ಬರುತ್ತೇನೆಂದು ಶರಟು ತೊಟ್ಟು ನಿಂತ. "ನೀನು ಬಂದ್ರೆ ಅದು ಪಂಚಾಯ್ತಿ ಆಯ್ತದೆ. ನಾನೊಬ್ಳೇ ಓದ್ರೆ ಮನೆಗೆ ಓದಂಗಾಯ್ತದೆ" ಎಂದೆ. ಅವನಿಗೆ ಅದು ಅರ್ಥವಾಯಿತು. ಚೀಲವನ್ನು ಬಸ್ಸಿನವರೆಗೆ ತಂದುಕೊಟ್ಟು ನಿಂತುಕೊಂಡ.

ಒಂದೇ ಕೈ ಇರುವವರಿಗೆ ಬಸ್ಸಿನಲ್ಲಿ ಒಂದು ಕಷ್ಟವಿದೆ. ಕಂಬಿ ಹಿಡಿದರೆ ಮಗು ಇಲ್ಲ, ಮಗು ಹಿಡಿದರೆ ಕಂಬಿ ಇಲ್ಲ. ನನ್ನ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಹಿಡಿದು ಮಗಳ ಸೊಂಟಕ್ಕೆ ಗಂಟು ಹಾಕಿದೆ, ಕೈಯಲ್ಲಿ ಕಂಬಿ ಹಿಡಿದೆ. ನರಸೀಪುರದಲ್ಲಿ ಇಳಿದು ನಂಜನಗೂಡಿನ ಬಸ್ಸು, ನಂಜನಗೂಡಿನಲ್ಲಿ ಇಳಿದು ತಗಡೂರಿನ ಬಸ್ಸು. ಮಗಳಿಗೆ ಖುಷಿಯೋ ಖುಷಿ. ದಾರಿಯುದ್ದಕ್ಕೂ ಅವಳ ಪ್ರಶ್ನೆಗಳಿಗೆ ಉತ್ತರ ಹೇಳುತ್ತಾ, ಒಳಗೊಳಗೇ ಮನೆಯಲ್ಲಿ ಆಡಬೇಕಾದ ಮಾತನ್ನು ಕೂಡಿಸಿಕೊಳ್ಳುತ್ತಾ ಹೋದೆ.

ಅತ್ತೆ ನಡುಮನೆಯಲ್ಲಿ ಸೊಪ್ಪು ಸೋಸುತ್ತಿದ್ದರು. ಗಂಡ ರಜೆಯಲ್ಲಿದ್ದರು. ಮಗಳು ಓಡಿಹೋಗಿ ಅಜ್ಜಿಯ ತೊಡೆಯ ಮೇಲೆ ಬಿದ್ದಳು.

"ಏಳ್ದೆ ಕೇಳ್ದೆ ಬಂದ್ಬುಟ್ಯಲ್ಲ" ಎಂದರು ಅತ್ತೆ.

"ನಮ್ಮನೆಗೆ ಬರಕ್ಕೆ ಯಾರ್ನ ಕೇಳ್ಬೇಕು ಅತ್ತೆ?"

ಚೀಲ ಇಳಿಸಿ ಗಂಡನ ಎದುರಿಗೇ ಕೂತೆ. "ದೊಡ್ಡಪ್ಪ ಬಂದಿದ್ರು. ನಿಮ್ಗೆ ಇನ್ನೊಬ್ಳು ಬೇಕು ಅಂದ್ರೆ ನನ್ನ ಮುಖ ನೋಡ್ಕಂಡು ನೀವೇ ಏಳಿ. ಬ್ಯಾಡ ಅಂದ್ರೂ ನೀವೇ ಏಳಿ. ಸುಮ್ಕಿರೋದು ಮಾತ್ರ ಆಗಾಕಿಲ್ಲ."

ಅವರು ನೆಲ ನೋಡಿದರು. ಗೋಡೆ ನೋಡಿದರು. ಕಡೆಗೆ, "ಬ್ಯಾಡ" ಎಂದರು.

"ಯಾವ್ದು ಬ್ಯಾಡ?"

"ಇನ್ನೊಬ್ಳು ಬ್ಯಾಡ."

"ಗಟ್ಟಿಯಾಗಿ ಏಳಿ. ಅತ್ತೇಗೂ ಕೇಳಿಸ್ಲಿ."

ಈ ಸಲ ಹಿತ್ತಿಲಿನ ತನಕ ಕೇಳುವ ಹಾಗೆ ಹೇಳಿದರು. ಮದುವೆಯಾದಂದಿನಿಂದ ಅವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅವರೂ ಕೇಳಿರಲಿಲ್ಲವೋ ಏನೋ. ಹೇಳಿದ ಮೇಲೆ ತಮ್ಮಷ್ಟಕ್ಕೆ ತಾವೇ ಬೆಚ್ಚಿದಂತೆ ಕೂತಿದ್ದರು.

ಅತ್ತೆ ಸೋಸಿದ ಸೊಪ್ಪನ್ನು ಮೊರಕ್ಕೆ ಹಾಕಿದರು. "ಅವನು ಅಂದ್ಮೇಲೆ ನಂದೇನೈತೆ. ಇರವ್ವ. ಆದ್ರೆ ಒಂದು ಮಾತು. ಎಡಗೈಲಿ ಬಡಿಸಿದ್ದ ನಾನು ಉಣ್ಣಾಕಿಲ್ಲ."

"ನೀವೇ ಬಡಿಸ್ಕಂಡು ಉಣ್ಣಿ ಅತ್ತೆ. ಬೇಯ್ಸೋದು ಮಾತ್ರ ನಾನೇ."

ಒಲೆಯ ಮುಂದೆ ಕೂತ ಮೇಲೆ ತಿಳಿಯಿತು, ಮಾತಾಡಿದಷ್ಟು ಸುಲಭವಲ್ಲ ಎಂದು. ಈರುಳ್ಳಿಯನ್ನು ಈಳಿಗೆಮಣೆಗೆ ಒತ್ತಿ ಹೆಚ್ಚಬಹುದು. ಸೊಪ್ಪನ್ನು ಕಾಲ್ಬೆರಳಲ್ಲಿ ಅದುಮಿಕೊಂಡು ಬಿಡಿಸಬಹುದು. ಮುದ್ದೆ ಮಾತ್ರ ಎರಡು ಕೈ ಕೇಳುವ ಅಡುಗೆ. ಕುದಿಯುವ ಹಿಟ್ಟನ್ನು ಕೋಲಿನಿಂದ ತಿರುವುವಾಗ ಪಾತ್ರೆ ಅಲುಗಾಡಬಾರದು, ಕೋಲು ತಳ ಮುಟ್ಟಬೇಕು, ಮೈಭಾರವೆಲ್ಲ ಕೋಲಿನ ಮೇಲೆ ಬೀಳಬೇಕು. ಪಾತ್ರೆಯನ್ನು ಕೆಳಗಿಳಿಸಿ, ಅದರ ಬಾಯಿಗೆ ತುದಿ ಕವಲೊಡೆದ ಕವೆಗೋಲು ಕೊಟ್ಟು ಅದನ್ನು ಪಾದದಿಂದ ಒತ್ತಿ ಹಿಡಿದೆ. ಕೋಲಿನ ತುದಿಯನ್ನು ಮೊಂಡುಗೈಯ ಕಂಕುಳಿಗೆ ಸಿಕ್ಕಿಸಿಕೊಂಡು ಎಡಗೈಯಲ್ಲಿ ತಿರುವಿದೆ. ಮೊದಲ ದಿನ ಗಂಟುಗಂಟಾಯಿತು. ಮರುದಿನ ಪಾತ್ರೆಯೇ ಮಗುಚಿ ಕಾಲು ಸುಟ್ಟುಕೊಂಡೆ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಬೆಂದ ಹಿಟ್ಟನ್ನು ಒದ್ದೆ ಹಲಗೆಯ ಮೇಲೆ ಹಾಕಿ ಒಂದೇ ಅಂಗೈಯಲ್ಲಿ ಉರುಳಿಸಿ ಉಂಡೆ ಮಾಡುವುದಕ್ಕೆ ಒಂದು ಮಳೆಗಾಲ ಹಿಡಿಯಿತು. ಬಿರುಕು ಬಿಟ್ಟ ಮುದ್ದೆಯನ್ನು ಗಂಡ ಏನೂ ಅನ್ನದೆ ಉಂಡರು. ಮಗಳು ಮಾತ್ರ, "ಇದು ಮುದ್ದೆಯಲ್ಲ, ಕಲ್ಲು" ಎಂದು ನಿಜ ಹೇಳುತ್ತಿದ್ದಳು.

ಅದೇ ಕಾಲಕ್ಕೆ ನನಗೂ ಅತ್ತೆಗೂ ಇನ್ನೊಂದು ಜಗಳ ಆಯಿತು. ಕೈ ಹೋದ ಮೇಲೆ ನಾನು ಲಿಂಗಪೂಜೆ ಬಿಟ್ಟಿದ್ದೆ. ಒಂದು ದಿನ ಸ್ನಾನ ಮುಗಿಸಿ ಮಣೆಯ ಮೇಲೆ ಕೂತು, ಕೊರಳಿನ ಲಿಂಗವನ್ನು ಎಡಗೈಯ ಅಂಗೈಗೆ ತೆಗೆದುಕೊಂಡೆ.

"ಏನು ಮಾಡ್ತಿದೀಯೆ?" ಎಂದರು ಅತ್ತೆ.

"ಪೂಜೆ."

"ಬಲಗೈ ಇಲ್ದೆ?"

"ಲಿಂಗ ಕೂರೋದು ಎಡಗೈಲಿ ಅಲ್ವಾ ಅತ್ತೆ? ಶಿವನೇ ಬಂದು ಕೂರೋ ಕೈಲಿ ನಿಮ್ಗೆ ಅನ್ನ ಬಡಿಸಿದ್ರೆ ಮೈಲಿಗೆಯಾ?"

ಈ ಮಾತನ್ನು ಎಷ್ಟೋ ದಿನದಿಂದ ಕೂಡಿಟ್ಟುಕೊಂಡಿದ್ದೆ. ಅತ್ತೆ ಸೋಲುತ್ತಾರೆಂದು ನಂಬಿದ್ದೆ. ಅವರು ಸೋಲಲಿಲ್ಲ.

"ಕೂರೋದು ಎಡಗೈಲಿ. ಪೂಜೆ ಮಾಡೋದು ಬಲಗೈಲಿ" ಎಂದರು.

ನಾನು ಬಗ್ಗಿ ಮೊಂಡುಗೈಯ ತುದಿಯನ್ನು ವಿಭೂತಿಗೆ ಒತ್ತಿದೆ. ಅದೇ ತುದಿಯಿಂದ ಲಿಂಗಕ್ಕೆ ಹಚ್ಚಿದೆ. ಹೊಸ ಚರ್ಮ, ಇನ್ನೂ ಎಳೆಯದು. ಲಿಂಗದ ತಣ್ಣನೆ ಅಲ್ಲಿಗೆ ಚೆನ್ನಾಗಿ ತಿಳಿಯಿತು. ಅತ್ತೆ, "ಶಿವಶಿವ" ಎಂದು ಹೊರಗೆ ಹೋದರು. ಅದು ಬೈಗುಳವೋ ಪ್ರಾರ್ಥನೆಯೋ ನಾನು ಕೇಳಲಿಲ್ಲ. ಅವತ್ತಿನಿಂದ ಈವತ್ತಿನವರೆಗೆ ನನ್ನ ಪೂಜೆ ಹೀಗೆಯೇ.

ನೆಂಟರೊಬ್ಬರು ಮೈಸೂರಿನ ಒಂದು ಶಿಬಿರಕ್ಕೆ ಕರೆದುಕೊಂಡು ಹೋಗಿ ಪ್ಲಾಸ್ಟಿಕ್ ಕೈ ಕೊಡಿಸಿದ್ದೂ ಉಂಟು. ಬೆರಳು, ಉಗುರು ಎಲ್ಲ ಇತ್ತು. ಬಣ್ಣ ಮಾತ್ರ ನನಗಿಂತ ಬಿಳುಪು. ಒಳ್ಳೆಯ ಕೃತಕ ಕೈ ಹಾಕಿಕೊಂಡು ಬದುಕು ಹಗುರ ಮಾಡಿಕೊಂಡವರು ಇದ್ದಾರೆ; ಅವರ ಬಗ್ಗೆ ನನಗೆ ಗೌರವವಿದೆ. ಆದರೆ ನನಗೆ ಸಿಕ್ಕಿದ್ದು ಹಿಡಿಯಲಾರದ, ಎತ್ತಲಾರದ ಬರೀ ತೋರಿಕೆಯ ಕೈ. ಮನೆಗೆ ಬಂದವರಿಗೆಲ್ಲ ಅದು ಬಹಳ ಹಿಡಿಸಿತು. "ಗೊತ್ತೇ ಆಗಾಕಿಲ್ಲ ಕಣವ್ವ" ಎಂದು ಹೊಗಳಿದರು. ಅವರಿಗೆ ಬೇಕಾಗಿದ್ದದ್ದು ಅದೇ, ಗೊತ್ತಾಗದಿರುವುದು. ಹಸುವಿಗೆ ಬೂಸಾ ಕಲಸುವಾಗ ಅದು ಅಡ್ಡ ಬಂತು. ಬಿಚ್ಚಿ ಅಟ್ಟದ ಮೇಲಿಟ್ಟೆ. ಮತ್ತೆ ಇಳಿಸಲಿಲ್ಲ.

ಮಗಳು ಹೈಸ್ಕೂಲಿಗೆ ಬರುವ ಹೊತ್ತಿಗೆ ನಂಜನಗೂಡಿನಲ್ಲಿ ಬಾಡಿಗೆ ಮನೆ ಮಾಡಿದೆವು. ಅತ್ತೆ ತಗಡೂರು ಬಿಟ್ಟು ಬರಲೊಪ್ಪಲಿಲ್ಲ. ಅಷ್ಟರಲ್ಲಿ ಮದುವೆಯಾಗಿದ್ದ ಮೈದುನ ಅವರ ಜೊತೆ ಅಲ್ಲೇ ಇದ್ದ. ನಮ್ಮ ಮನೆಯ ಮುಂದಿನ ಕೋಣೆ ಬೀದಿಗೆ ತೆರೆದುಕೊಂಡಿತ್ತು. ಕಾರ್ಖಾನೆಗೆ ಹೋಗುವ ಬಸ್ಸುಗಳು ನಿಲ್ಲುವ ಜಾಗ ಅಲ್ಲೇ ಹತ್ತಿರ. ಪಾಳಿ ಮುಗಿಸಿ ಬಂದ ಗಂಡಸರು ಬನ್ನು, ಬೋಂಡ ತಿಂದು ಹೋಗುವುದನ್ನು ದಿನಾ ನೋಡುತ್ತಿದ್ದೆ. ಇವರಿಗೆ ಬಿಸಿ ಮುದ್ದೆ ಹಾಕಿದರೆ ಹೇಗೆ ಎಂದು ಗಂಡನನ್ನು ಕೇಳಿದೆ. ಅವರು ಯೋಚನೆ ಮಾಡಿ ಒಪ್ಪಿದರು. ಕೋಣೆಗೆ ಸುಣ್ಣ ಹೊಡೆದು ಬೆಂಚು ಹಾಕಿದೆವು. ಮುದ್ದೆ, ಉಪ್ಪುಸಾರು ಇಲ್ಲವೇ ಬಸ್ಸಾರು, ಅನ್ನ, ಮಜ್ಜಿಗೆ. ಅಷ್ಟೇ ನಮ್ಮ ಮೆಸ್ಸು.

ಮೊದಲ ವಾರದಲ್ಲೇ ಹಿರಿಯರೊಬ್ಬರು ಬಂದರು. ದೇವಸ್ಥಾನಕ್ಕೆ ಹೋಗಿ ಬಂದವರು, ಹಣೆಯ ತುಂಬ ವಿಭೂತಿ. ಎಲೆ ಹಾಕಿ, ಮುದ್ದೆ ಇಡಲು ಕೈ ನೀಡಿದೆ. ಅವರು ಎಲೆಯ ಮೇಲೆ ಅಡ್ಡ ಕೈ ಹಿಡಿದರು.

"ಎಡಗೈಲಿ ಬಡಿಸ್ತೀಯಲ್ಲವ್ವ. ಶಾಸ್ತ್ರ ಗೊತ್ತಿಲ್ವಾ?"

"ಗೊತ್ತು ಸಾ. ಇದೊಂದೇ ಕೈ ಇರೋದು."

"ಮನೇಲಿ ಬ್ಯಾರೆ ಯಾರೂ ಇಲ್ವಾ ಬಡಿಸಕ್ಕೆ?"

"ಅವ್ರೆ. ಆದ್ರೆ ಬಡಿಸೋದು ನಾನೇ."

ಅವರು ಎದ್ದು ಕೈ ಕೊಡವಿಕೊಂಡು ಹೋದರು. ಅವರನ್ನು ನೋಡಿ ಪಕ್ಕದಲ್ಲಿ ಕೂತಿದ್ದ ಮತ್ತಿಬ್ಬರೂ ಎದ್ದರು. ಹಾಕಿದ ಎಲೆಗಳು ಹಾಗೆಯೇ ಉಳಿದವು.

ಅಂದು ಸಂಜೆ ಗಂಡ ಪಾಳಿ ಮುಗಿಸಿ ಬಂದು ವಿಷಯ ಕೇಳಿದರು. ಮೆತ್ತಗೆ, ನನಗೆ ನೋವಾಗದ ಹಾಗೆ ಮಾತು ತೆಗೆದರು. "ಒಂದು ಕೆಲ್ಸ ಮಾಡಾನ ಕಣೆ. ನೀನು ಒಳಗೆ ಬೇಯ್ಸು. ಬಡಿಸೋದು ನಾನು ನೋಡ್ಕತೀನಿ. ನಾನಿಲ್ದಾಗ ಯಾರ್ನಾರ ಇಟ್ಕಳಾನ. ಯಾರ್ಗೂ ಏನೂ ತೊಂದ್ರೆ ಇರಾಕಿಲ್ಲ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನ್ಯಾಯವಾಗಿಯೂ ಕೇಳಿಸಿತು. ಅದಕ್ಕೇ ನನಗೆ ಹೆಚ್ಚು ಸಿಟ್ಟು ಬಂತು. ಎದ್ದು ಹೋದ ಮುದುಕನ ಮೇಲೆ ಅಷ್ಟು ಸಿಟ್ಟು ಬಂದಿರಲಿಲ್ಲ.

"ನಾನು ಒಳಗೆ ಅವಿತ್ಕಂಡು ಬೇಯ್ಸಿದ್ರೆ ಉಣ್ತಾರೆ. ಎದ್ರಿಗೆ ಬಂದ್ರೆ ಉಣ್ಣಾಕಿಲ್ಲ. ಇದೇ ಕೈಲಿ ಕಟ್ಟಿದ ಮುದ್ದೆ ತಾನೆ ಅದು? ಕೈ ಕಾಣ್ದಿದ್ರೆ ಸಾಕು ಅಂದಂಗಾಯ್ತು. ಅಟ್ಟದ ಮೇಲಿರೋ ಪ್ಲಾಸ್ಟಿಕ್ ಕೈಗೂ ನಿಮ್ಮ ಮಾತ್ಗೂ ಏನು ವ್ಯತ್ಯಾಸ ಏಳಿ?"

"ವ್ಯಾಪಾರ ಆಗ್ಬೇಕಲ್ಲ ಕಣೆ."

"ಆಗ್ದಿದ್ರೆ ಮುಚ್ಚಾನ. ಮುಚ್ಚೋಗಂಟ ನಾನೇ ಬಡಿಸ್ತೀನಿ."

ಮುಚ್ಚುವ ಹಂತಕ್ಕೇ ಬಂದಿತ್ತು. ಎಷ್ಟೋ ದಿನ ಬೇಯಿಸಿದ್ದನ್ನು ನಾವೇ ತಿಂದೆವು, ಉಳಿದದ್ದನ್ನು ಅಕ್ಕಪಕ್ಕದ ಹಸುಗಳಿಗೆ ಹಾಕಿದೆವು. ಮಳೆ ಹಿಡಿದ ಒಂದು ಮಧ್ಯಾಹ್ನ, ಲಾರಿಗೆ ಮೂಟೆ ಹೇರುವ ಆಳುಗಳ ಒಂದು ಗುಂಪು ತೋಯಿಸಿಕೊಂಡು ಒಳಗೆ ನುಗ್ಗಿತು. ಅವರಿಗೆ ಹಸಿವು. ನಾನು ಬಡಿಸಿದೆ. ಅವರಲ್ಲೊಬ್ಬ ಕತ್ತೆತ್ತಿ ನನ್ನ ತೋಳನ್ನು ನೋಡಿ, "ಏನಾಯ್ತಕ್ಕ?" ಎಂದ. "ಮೇವಿನ ಮಿಷನ್ನು" ಎಂದೆ. "ಓ" ಎಂದು, "ಸಾರು ಇನ್ನೊಂಚೂರು ಬುಡಕ್ಕ" ಎಂದ. ನನ್ನ ಕೈಯ ಕಥೆ ಅಷ್ಟು ಬೇಗ ಮುಗಿದದ್ದು ಅದೇ ಮೊದಲು. ನನಗೆ ನಗು ಬಂತು. ಮರುದಿನ ಅವರು ಇನ್ನಷ್ಟು ಜನರನ್ನು ಕರೆದುಕೊಂಡು ಬಂದರು.

ಹೀಗೆ ಮೆಸ್ಸು ನಿಂತಿತು. ನಾವು ಬೋರ್ಡು ಹಾಕಿರಲಿಲ್ಲ. ಜನರೇ ಅದಕ್ಕೆ 'ಮೊಂಡಿ ಓಟ್ಲು' ಎಂದು ಕರೆದರು. ಮೊಂಡುಗೈ ಇರುವವಳು ಎಂದು ಒಂದರ್ಥ, ಹಟಮಾರಿ ಎಂದು ಇನ್ನೊಂದು. ಗಂಡನಿಗೆ ಇದು ತಿಳಿದಾಗ ಮುಖ ಕೆಂಪಾಯಿತು, ಯಾರು ಹಾಗಂದವರೆಂದು ಕೇಳಲು ಹೊರಟರು. "ಕೂತ್ಕಳಿ. ಎರಡೂ ನಿಜ ತಾನೆ" ಎಂದೆ. ಈಗ ಅವರು ಕಾರ್ಖಾನೆಯ ಕೆಲಸ ಬಿಟ್ಟು ಮೆಸ್ಸಿನಲ್ಲೇ ಇದ್ದಾರೆ. ಅನ್ನ, ಮಜ್ಜಿಗೆ ಅವರದು. ಮುದ್ದೆ ಇಡುವುದು ನಾನು.

ಅತ್ತೆ ಆಗಾಗ ಬಂದು ನಾಲ್ಕು ದಿನ ಇದ್ದು ಹೋಗುತ್ತಾರೆ. ಅಂದು ಆಡಿದ ಮಾತನ್ನು ಅವರು ಇವತ್ತಿಗೂ ಬಿಟ್ಟಿಲ್ಲ. ತಟ್ಟೆ ಹಿಡಿದು ಅಡುಗೆಮನೆಗೆ ಬರುತ್ತಾರೆ, ತಾವೇ ಬಡಿಸಿಕೊಳ್ಳುತ್ತಾರೆ, ಮೂಲೆಯಲ್ಲಿ ಕೂತು ನಾನು ಮಾಡಿದ ಮುದ್ದೆಯನ್ನು ಒಂದು ಚೂರೂ ಬಿಡದೆ ಉಣ್ಣುತ್ತಾರೆ. ಒಮ್ಮೆ ಮೈದುನನ ಹೆಂಡತಿಯ ಹತ್ತಿರ, "ಮುದ್ದೆ ಅಂದ್ರೆ ಅವಳ್ದೇ" ಎಂದರಂತೆ. ನನ್ನ ಎದುರಿಗೆ ಹೇಳಿಲ್ಲ. ಅವರು ಬದಲಾಗಲೆಂದು ನಾನು ಈಗ ಕಾಯುತ್ತಲೂ ಇಲ್ಲ.

ಕಳೆದ ವರ್ಷ ಮಗಳಿಗೆ ಗಂಡು ನೋಡಿದೆವು. ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿಕೊಂಡಿದ್ದರು. ಮಾತುಕತೆಗೆ ಬಂದಾಗ ಗಂಡಿನ ತಾಯಿ ನನ್ನನ್ನು ಪಕ್ಕಕ್ಕೆ ಕರೆದರು. ಒಳ್ಳೆಯ ಹೆಂಗಸು, ಹೇಳಲು ಕಷ್ಟಪಟ್ಟರು.

"ಬೀಗಿತೇರೆ, ತಪ್ಪು ತಿಳ್ಕಬ್ಯಾಡಿ. ಧಾರೆ ಎರೆಯೋದು ಹುಡುಗಿಯ ಚಿಕ್ಕಪ್ಪ ಚಿಕ್ಕಮ್ಮ ಮಾಡಿದ್ರೆ ಎಂಗೆ? ನಮ್ಗೇನೂ ಅಬ್ಯಂತ್ರ ಇಲ್ಲ. ಜನ ಏನಾರ ಅಂತಾರೆ ಅಂತ."

"ಜನ ಅನ್ನೋದ್ನೆಲ್ಲ ನಾನು ಕೇಳಿ ಮುಗ್ಸಿದೀನಿ ಬೀಗಿತೇರೆ. ನಾನೆತ್ತ ಮಗಳು. ಎಡಗೈಲೇ ಎರೀತೀನಿ. ಒಪ್ಪಿಗೆ ಇಲ್ಲ ಅಂದ್ರೆ ಈಗ್ಲೇ ಏಳ್ಬುಡಿ, ಬೇಜಾರಿಲ್ಲ. ಮಂಟಪದಲ್ಲಿ ಏಳ್ಬ್ಯಾಡಿ."

ಬೇಜಾರಿಲ್ಲ ಎಂದದ್ದು ಸುಳ್ಳು. ಮಗಳ ಮದುವೆಯನ್ನು ನನ್ನ ಹಟಕ್ಕೆ ಕಟ್ಟಿ ಹಾಕುತ್ತಿದ್ದೇನೋ ಎಂಬ ಭಯ. ಅವರು ಒಳಗೆ ಹೋಗಿ ತಮ್ಮ ಗಂಡನ ಜೊತೆ ಮಾತಾಡಿದರು. ನನಗೆ ಅದು ಬಹಳ ಹೊತ್ತು ಅನ್ನಿಸಿತು. ಹೊರಗೆ ಬಂದವರು, "ಆಗ್ಲಿ ಬುಡಿ. ನೀವೇ ಎರೀರಿ" ಎಂದರು. ಮಗಳಿಗೆ ಇದನ್ನು ಆಮೇಲೆ ಹೇಳಿದೆ. "ನೀನು ಒಪ್ಕಂಡಿದ್ರೆ ನಾನು ಒಪ್ತಿರ್ನಿಲ್ಲ" ಎಂದಳು.

ಮದುವೆ ತಿ. ನರಸೀಪುರದ ಒಂದು ಛತ್ರದಲ್ಲಿ ಆಯಿತು. ಗಂಡ ಮಗಳ ಕೈಯನ್ನು ಹುಡುಗನ ಕೈಯಲ್ಲಿಟ್ಟು ಹಿಡಿದುಕೊಂಡರು. ಹಾಲು ತುಂಬಿದ ಹಿತ್ತಾಳೆಯ ಗಿಂಡಿ ಭಾರವಿತ್ತು. ಮೊಂಡುಗೈಯನ್ನು ಅದರ ತಳಕ್ಕೆ ಕೊಟ್ಟು, ಎಡಗೈಯಲ್ಲಿ ಕಂಠ ಹಿಡಿದು ಬಾಗಿಸಿದೆ. ಮೊದಲ ಧಾರೆ ಸ್ವಲ್ಪ ಆಚೆ ಹೋಗಿ ಅಳಿಯನ ತೋಳು ತೋಯಿಸಿತು. ಎರಡನೆಯದು ಸರಿಯಾಗಿ ಕೈಗಳ ಮೇಲೇ ಬಿತ್ತು. ಮುಂದಿನ ಸಾಲಿನಲ್ಲಿ ಯಾರೋ ಗುಸುಗುಸು ಅಂದರು. ವಾಲಗದವರು ಗಟ್ಟಿಮೇಳ ಹಿಡಿದದ್ದರಿಂದ ಅದು ಏನೆಂದು ಕೇಳಿಸಲಿಲ್ಲ. ಅತ್ತೆ ಅಕ್ಷತೆ ಹಿಡಿದು ನನ್ನ ಪಕ್ಕಕ್ಕೇ ಬಂದು ನಿಂತಿದ್ದರು. ನಮ್ಮವ್ವ ಇದನ್ನು ನೋಡಲು ಇರಲಿಲ್ಲ. ಇದ್ದಿದ್ದರೆ ಮೊದಲು ಅಳಿಯನ ತೋಳು ಒರೆಸಲು ಓಡುತ್ತಿದ್ದಳು.

ಮದುವೆಯ ಓಡಾಟ ಮುಗಿದು ಮತ್ತೆ ಮೆಸ್ಸಿನ ಬಾಗಿಲು ತೆರೆದ ವಾರದಲ್ಲೇ ಬೇರೆ ಊರಿನ ಗಂಡ ಹೆಂಡತಿ ಬಂದರು, ದೇವರ ದರ್ಶನ ಮುಗಿಸಿಕೊಂಡು. ಇಬ್ಬರಿಗೂ ಎಲೆ ಹಾಕಿದೆ. ಮುದ್ದೆ ತಂದಾಗ ಗಂಡಸು ನನ್ನ ಕೈ ನೋಡಿ ಹುಬ್ಬು ಗಂಟಿಕ್ಕಿದರು.

"ಎಡಗೈಲಿ ಬಡಿಸಿದ್ದ ನಾವು ಉಣ್ಣಲ್ಲ ಕಣಮ್ಮ."

ನಾನು ಇಂಥವರಿಗೆಂದು ಇಟ್ಟುಕೊಂಡಿರುವ ಮಾತನ್ನೇ ಹೇಳಿದೆ. "ಸರಿ ಸಾ. ಮುಂದೆ ಎಡಗಡೆ ತಿರುಗಿದ್ರೆ ಇನ್ನೊಂದು ಓಟ್ಲು ಐತೆ. ಅಲ್ಲಿ ಬಲಗೈಲಿ ಬಡಿಸ್ತಾರೆ."

ಅವರು ಎದ್ದರು. ಹೆಂಡತಿ ಏಳಲಿಲ್ಲ. ನನ್ನ ವಯಸ್ಸಿನವಳೇ. ಬಿಸಿಲಿನಲ್ಲಿ ಸಾಲು ನಿಂತು ಬಂದು ಸುಸ್ತಾಗಿದ್ದಳು.

"ಏಳೇ" ಎಂದರು ಗಂಡಸು.

"ನೀವು ಓಗಿ ಬಸ್ಸು ನೋಡ್ತಿರಿ. ನಾನು ಉಂಡು ಬತ್ತೀನಿ."

ಅವರು ಹೊರಗೆ ಹೋಗಿ ಬಾಗಿಲಿಗೆ ಬೆನ್ನು ಹಾಕಿ ನಿಂತುಕೊಂಡರು.

ನಾನು ಮುದ್ದೆ ಇಟ್ಟೆ, ಉಪ್ಪುಸಾರು ಬಿಟ್ಟೆ, ಪಕ್ಕಕ್ಕೆ ಖಾರ ಹಾಕಿದೆ. ಆಕೆ ತಲೆ ತಗ್ಗಿಸಿ ಉಂಡಳು. ನಾನು ಹೋದದ್ದು ಬಂದದ್ದು ನೋಡಲಿಲ್ಲ, ನನ್ನ ತೋಳನ್ನೂ ನೋಡಲಿಲ್ಲ. ಮುಗಿಯುತ್ತಾ ಬಂದಾಗ ಎಲೆಯಿಂದ ಕೈ ತೆಗೆಯದೆ ಹೇಳಿದಳು:

"ಇನ್ನೊಂದರ್ಧ ಮುದ್ದೆ ಆಕವ್ವ. ಅವ್ರು ಕಾಯ್ಲಿ."